ಮಾವನ ಬಾವಿಯ ಸಿಹಿನೀರು

ನಮ್ಮ ಮಾವ ಗದಗಿನಲ್ಲಿ ಎರಡು ವಿಷಯಕ್ಕೆ ಹೆಸರಾಗಿದ್ದರು. ಹತ್ತಿಯ ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಅರಳೆಯನ್ನು ಬೆರಳಲ್ಲಿ ಹಿಂಜಿ, ಇದು ಮುಂಡರಗಿ ಕಡೆಯದು, ಇದು ಅಂತೂರ ಬೆಂತೂರದ್ದು ಎಂದು ಹೇಳುವುದು ಒಂದು. ಮನೆಯ ಹಿತ್ತಲಲ್ಲಿ ತಾವೇ ಮುಂದೆ ನಿಂತು ತೋಡಿಸಿದ ಬಾವಿಯ ನೀರನ್ನು ಹೊಗಳುವುದು ಇನ್ನೊಂದು. ಮೊದಲನೆಯದರಲ್ಲಿ ಅವರು ತಪ್ಪಿದ್ದನ್ನು ನಾನು ಕಾಣೆ. ಎರಡನೆಯದರಲ್ಲಿ ಅವರು ಸರಿಯಿದ್ದದ್ದನ್ನೂ ಕಾಣೆ.

ನಾನು ಶಿಗ್ಲಿಯವಳು. ಮದುವೆಯಾಗಿ ಗದಗಿಗೆ ಬಂದದ್ದು ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ಆಗ ನಮ್ಮೂರಿದ್ದ ಲಕ್ಷ್ಮೇಶ್ವರದ ಸೀಮೆ ರಾಜರ ಸಂಸ್ಥಾನಕ್ಕೆ ಸೇರಿತ್ತು, ಗದಗ ಮುಂಬೈ ಸರ್ಕಾರಕ್ಕೆ. ಮಾವ ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ; ‘ಸಂಸ್ಥಾನದಾಕಿ’ ಎನ್ನುತ್ತಿದ್ದರು. ಹೊಸ್ತಿಲು ದಾಟಿ ಒಳಗೆ ಬಂದ ದಿನವೇ ನನ್ನ ಕೈಗೊಂದು ತಂಬಿಗೆ ನೀರು ಕೊಡಿಸಿ, ಕುಡಿದು ಮುಗಿಸುವವರೆಗೂ ಎದುರಿಗೆ ನಿಂತಿದ್ದರು.

“ನಿಮ್ಮ ಸಂಸ್ಥಾನದಾಗ ಇಂಥಾ ನೀರು ಐತೇನು?”

“ಇಲ್ರಿ” ಎಂದೆ. ಹೊಸ ಸೊಸೆಯೆಂದು ಹೇಳಿದ ಮಾತಲ್ಲ ಅದು. ನೀರು ನಿಜವಾಗಿಯೂ ಚೆನ್ನಾಗಿತ್ತು. ಮಾವನಿಗೆ ಅಷ್ಟು ಸಾಕಾಯಿತು. ಸೊಸೆ ಶಾಣ್ಯಾ ಇದ್ದಾಳೆ ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ.

ಮರುದಿನ ಬೆಳಗ್ಗೆ ನಾನು ಆ ಶಾಣೇತನವನ್ನೆಲ್ಲ ಕಳೆದುಕೊಂಡೆ. ಅಡುಗೆ ನನ್ನ ಪಾಲಿಗೆ ಬಂದಿತ್ತು. ಉತ್ಸಾಹದಿಂದ ಹಿತ್ತಲಿಗೆ ಹೋಗಿ ಹಗ್ಗ ಬಿಟ್ಟು ಕೊಡ ಎಳೆದೆ. ಬಂದದ್ದು ಬೂದು ಬಣ್ಣದ, ಎರೆಮಣ್ಣಿನ ವಾಸನೆಯ ರಾಡಿ. ಕೊಡದ ತಳದಲ್ಲಿ ನಾಲ್ಕು ಬೆರಳು ಹೂಳು. ಹೊಸ ಮನೆ, ಯಾರನ್ನು ಕೇಳುವುದು? ಸೀರೆಯ ತುಂಡಿನಲ್ಲಿ ಸೋಸಿ ತೊಗರಿಬೇಳೆಗೆ ಇಟ್ಟೆ. ಒಲೆಗೆ ಕಟ್ಟಿಗೆ ತುಂಬಿ ತುಂಬಿ ನನ್ನ ಕಣ್ಣು ಕೆಂಪಾದವೇ ಹೊರತು ಬೇಳೆ ಬೇಯಲಿಲ್ಲ. ಹಿಚುಕಿದರೆ ಬೆರಳಿನಿಂದ ಜಿಗಿದು ಗೋಡೆಗೆ ಹೋಗಿ ಬಡಿಯುತ್ತಿತ್ತು. ಶಿಗ್ಲಿಯವರು ಮಗಳಿಗೆ ಬೇಳೆ ಕುದಿಸುವುದನ್ನೂ ಕಲಿಸಲಿಲ್ಲ ಎನ್ನುತ್ತಾರಲ್ಲ ಎಂದು ಮೊಣಕಾಲಿಗೆ ಮುಖ ಹಚ್ಚಿ ಅಳುತ್ತ ಕುಳಿತಿದ್ದೆ. ಅತ್ತೆ ಒಳಗೆ ಬಂದರು. ಬೇಳೆಯನ್ನು ನೋಡಿದರು, ನನ್ನನ್ನು ನೋಡಿದರು, ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು.

“ಬಾವಿ ನೀರು ಹಾಕಿದೇನವಾ? ನಾ ಮೊದಲ ಹೇಳಬೇಕಿತ್ತು. ಅದು ಬ್ಯಾಳಿ ಕುದಸೂ ನೀರಲ್ಲ. ಅದು ಬರೇ ಹೊಗಳಾಕ ಇರೂ ನೀರು.”

ಹಾಗಾದರೆ ನಿನ್ನೆ ನಾನು ಕುಡಿದದ್ದು? ಅದು ಮಲ್ಲಸಮುದ್ರದ ದಾರಿಯಲ್ಲಿದ್ದ ತೋಟದ ಬಾವಿಯ ನೀರು. ಮಾವ ದಿನವೂ ಕುಡಿಯುತ್ತಿದ್ದದ್ದೂ ಅದೇ. ಅವರು ಅಂಗಡಿಗೆ ಹೋದ ಮೇಲೆ ಅತ್ತೆ ಹೋಗಿ ಹೊತ್ತು ತರುತ್ತಿದ್ದರು. ದೇವರ ಮನೆಯ ಪಕ್ಕದ ತಾಮ್ರದ ಕೊಡದಲ್ಲಿ ಅದೇ, ಮಾವ ಮುಖ ತೊಳೆಯುವ ತಂಬಿಗೆಯಲ್ಲಿ ಅದೇ. ಸ್ನಾನಕ್ಕೆ ಮಾತ್ರ ಹಿತ್ತಲ ಬಾವಿಯದು, ಹೂಳು ತಳಕ್ಕೆ ಕುಳಿತ ಮೇಲೆ ಸೋಸಿದ್ದು. ಮಾವ ಸ್ನಾನ ಮಾಡುವಾಗ ಬಾಯಿ ತೆರೆಯುವವರಲ್ಲ. ಬೆಳಗ್ಗೆ ಎದ್ದು ಬಾವಿಯ ಕಟ್ಟೆಗೆ ಕೈಯೂರಿ ಒಮ್ಮೆ ಬಗ್ಗಿ ನೋಡಿ ಕೈ ಮುಗಿಯುತ್ತಿದ್ದರು. ಮೇಲಿನಿಂದ ನೋಡಿದರೆ ಎಲ್ಲ ಬಾವಿಗಳ ನೀರೂ ಒಂದೇ. ಹಗ್ಗ ಹಿಡಿದು ಸೇದುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಆಗಿನ ಗಂಡಸರು ಬಾವಿ ತೋಡಿಸುವವರು, ನೀರು ಸೇದುವವರಲ್ಲ.

ನನಗೆ ಮೈಯೆಲ್ಲ ಉರಿಯಿತು. “ಹೇಳಿಬಿಡ್ರಿ ಅತ್ತೀ. ಒಂದ ಮಾತಿನಾಗ ಮುಗೀತೈತಿ” ಎಂದೆ.

ಅತ್ತೆ ಅಂದು ಬೇಳೆಯನ್ನು ಬೇರೆ ನೀರಿಗೆ ಹಾಕಿ, ಒಲೆಯ ಮುಂದೆ ಕುಳಿತು ಹೇಳಿದ್ದನ್ನು ನಾನು ಮರೆತಿಲ್ಲ. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯ ಹೆಂಗಸರ ಜೊತೆ ಅದೇ ತೋಟದಿಂದ ನೀರು ಹೊರುತ್ತಿದ್ದರು. ಒಂದು ಮಳೆಗಾಲ ಕೆಸರಿನಲ್ಲಿ ಕಾಲು ಜಾರಿ ಕೊಡದ ಸಮೇತ ಬಿದ್ದರು. ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಇನ್ನು ನೀನು ಹೊರಗಿನಿಂದ ಒಂದು ಕೊಡವನ್ನೂ ಹೊರಬಾರದು ಎಂದು ಮಾವ ಹಟ ಹಿಡಿದು ಹಿತ್ತಲಲ್ಲೇ ಅಗೆಸಿದರು. ಇಲ್ಲಿ ನೀರು ಬೀಳುವುದಿಲ್ಲ ಎಂದು ಓಣಿಯೆಲ್ಲ ನಕ್ಕಿತಂತೆ. ಬಿತ್ತು. ಒಂದು ವರ್ಷ ಚೆನ್ನಾಗಿಯೂ ಇತ್ತು. ಮರುವರ್ಷದ ಮಳೆಗೆ ಒಂದು ಮಗ್ಗುಲಿನ ಎರೆಮಣ್ಣು ಕುಸಿದು ಹೂಳು ತುಂಬಿತು, ಯಾವ ಕಡೆಯಿಂದಲೋ ಉಪ್ಪಿನ ಸವಳು ನೀರು ಒಸರತೊಡಗಿತು.

“ಆ ಬಾವಿಗೆ ನೀರು ಬಿದ್ದ ದಿವಸ ಅವರು ನನ್ನ ಮುಂದ ಅತ್ತಿದ್ರವಾ” ಎಂದರು ಅತ್ತೆ. “ಅಂಥಾವರಿಗೆ ನಿಮ್ಮ ಬಾವಿ ಕೆಟ್ಟೈತಿ, ನಾ ಮತ್ತ ಹೊರಾಕತ್ತೀನಿ ಅಂತ ಹ್ಯಾಂಗ ಹೇಳಲಿ? ನೀ ಏನರ ಬಾಯಿ ಬಿಟ್ಟಿ, ನೋಡು, ಶಿಗ್ಲಿಗಿ ಕಳಿಸಿಬಿಡತೀನಿ.”

ನಾನು ಬಾಯಿ ಬಿಡಲಿಲ್ಲ. ನಮ್ಮವರಿಗೂ ಗೊತ್ತಿತ್ತು, ಅವರೂ ಬಿಟ್ಟಿರಲಿಲ್ಲ. ಓಣಿಗೆ ಓಣಿಯೇ ಬಿಟ್ಟಿರಲಿಲ್ಲ. ದಿನವೂ ತಲೆಯ ಮೇಲೆ ಕೊಡ ಹೊತ್ತು ಹಾಡುಹಗಲಿನಲ್ಲಿ ಓಡಾಡುವ ಗುಟ್ಟು ಇನ್ನೆಲ್ಲಾದರೂ ಇತ್ತೋ ಇಲ್ಲವೋ. ಬರಬರುತ್ತ ಹೊರುವ ಕೆಲಸ ನನ್ನದಾಯಿತು. ಆದರೆ ಮಾವ ಕುಡಿಯುವ ಒಂದು ಕೊಡವನ್ನು ಮಾತ್ರ ಅತ್ತೆ ನನ್ನ ತಲೆಗೆ ಕೊಡಲಿಲ್ಲ. ಮಂಡಿನೋವು ಬಂದ ಮೇಲೂ ಕೊಡಲಿಲ್ಲ.

ಹೀಗೆ ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು, ನನಗೆ ಮಕ್ಕಳಾದವು. ಮಾವ ನನ್ನನ್ನು ಸಂಸ್ಥಾನದಾಕಿ ಎನ್ನುವುದನ್ನೂ ಬಿಡಲಿಲ್ಲ, ಬಾವಿಯನ್ನು ಹೊಗಳುವುದನ್ನೂ ಬಿಡಲಿಲ್ಲ. ಯಾರಿಗಾದರೂ ಹೊಟ್ಟೆನೋವು ಎಂದರೆ “ನಮ್ಮ ಬಾವಿ ನೀರು ಒಂದು ವಾರ ಕುಡೀರಿ” ಎನ್ನುತ್ತಿದ್ದರು. ಕೇಳಿದವರು ಹೂಂಗುಟ್ಟಿ ವೈದ್ಯರ ಹತ್ತಿರ ಹೋಗುತ್ತಿದ್ದರು.

ಏಕೀಕರಣದ ವರ್ಷ ಬಂದಾಗ ಕಷ್ಟಕ್ಕಿಟ್ಟುಕೊಂಡಿತು. ಅಂಗಡಿ, ಕಟ್ಟೆ, ಕ್ಷೌರದವನ ಕುರ್ಚಿ ಎಲ್ಲಿ ನೋಡಿದರೂ ಅದೇ ಮಾತು. ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳೆಲ್ಲ ನವೆಂಬರಿನ ಮೊದಲ ದಿನ ಒಂದಾಗುತ್ತವಂತೆ. ಮಾವ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು, ಓದುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಂದು ಸಂಜೆ ಊಟಕ್ಕೆ ಕುಳಿತವರು ತಾಟಿಗೆ ಕೈ ಹಚ್ಚದೆ ಹೇಳಿದರು:

“ನಾಡ ಒಂದಾಗಾಕತ್ತೈತಿ. ಇಂಥಾ ಹೊತ್ತಿನಾಗ ನಮ್ಮ ಬಾವಿ ನಾವಷ್ಟ ಕುಡಕೊಂತ ಕುಂಡ್ರೂದು ಶೋಭಾ ಅಲ್ಲ. ಅವತ್ತ ಗಂಗಿ ಪೂಜಾ ಮಾಡಿ ಇಡೀ ಓಣಿಗಿ ಬಿಟ್ಟುಕೊಡತೀನಿ. ಹಿತ್ತಲ ಗ್ವಾಡಿಗಿ ಒಂದು ಬಾಗಲಾ ಇಡಸತೀನಿ. ನಾನ ನನ್ನ ಕೈಲೆ ಸೇದಿ ಎಲ್ಲಾರಿಗೂ ಕುಡಸತೀನಿ.”

ಅತ್ತೆಯ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ. ನಮ್ಮವರು ಕೆಮ್ಮಿದರು. “ಅಪ್ಪಾ, ಸಕ್ರಿ ಹಂಚಿದ್ರ ಆಗೂದಿಲ್ಲೇನು?” ಎಂದರು.

“ಸಕ್ರಿ ಯಾರರ ಹಂಚತಾರಲೇ. ಇಂಥಾ ನೀರು ಯಾರು ಕೊಡತಾರ?”

ಅದಂತೂ ನಿಜವೇ.

ಮರುದಿನ ಮಾವ ಅಂಗಡಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಮ್ಮ ಮೂವರ ಸಭೆ ಕೂಡಿತು. ಇನ್ನಾದರೂ ಹೇಳಿಬಿಡೋಣ ಎಂದು ನಾನು. ಅಪ್ಪನಿಗೆ ಹೇಳುವ ಧೈರ್ಯ ನಿನಗಿದ್ದರೆ ಹೇಳು ಎಂದು ನಮ್ಮವರು. ಅತ್ತೆ ಇಬ್ಬರನ್ನೂ ಸುಮ್ಮನಿರಿಸಿದರು.

“ಓಣಿ ಮುಂದ ಅವರ ಮಾರಿ ಸಣ್ಣದಾಗಬಾರದು. ನೀರು ಚೊಲೊ ಮಾಡೂನು. ಹೂಳು ತಗದ್ರ ಎಲ್ಲಾ ಸರಿ ಆಗತೈತಿ.”

ಮಾವ ಹತ್ತಿಯ ವ್ಯಾಪಾರಕ್ಕೆ ಮುಂಡರಗಿಗೆ ಹೋದದ್ದನ್ನೇ ಕಾದು, ನಮ್ಮವರು ಬೆಟಗೇರಿಯಿಂದ ಆಳುಗಳನ್ನು ಕರೆತಂದರು. ಬುಟ್ಟಿ ಬುಟ್ಟಿಯಾಗಿ ಹೂಳು ಮೇಲೆ ಬಂತು. ಕರ್ರಗೆ, ಜಿಗುಟಾಗಿ, ಮೂಗು ಮುಚ್ಚಿಕೊಳ್ಳುವಂಥ ನಾತ. ಅದರೊಳಗೆ ಮಕ್ಕಳ ಬುಗುರಿಗಳು ಬಂದವು, ಒಂದು ಸೌಟು ಬಂತು, ನನ್ನ ತವರಿನವರು ಬಂದು ಹೋದ ಮೇಲೆ ಕಾಣೆಯಾಗಿ, ಅವರ ಮೇಲೆಯೇ ಅನುಮಾನ ತಂದಿದ್ದ ಹಿತ್ತಾಳೆಯ ತಂಬಿಗೆಯೂ ಬಂತು. ನಾನು ಆ ತಂಬಿಗೆಯನ್ನು ತೊಳೆದು ಅತ್ತೆಯ ಎದುರಿಗೆ ಇಟ್ಟೆ. ಅತ್ತೆ ಅದರಲ್ಲೇ ಆಳುಗಳಿಗೆ ಮಜ್ಜಿಗೆ ಕೊಟ್ಟರು.

ಹೂಳನ್ನು ಮುಚ್ಚಿಡಲು ಸಾಧ್ಯವಾಗಲಿಲ್ಲ. ಹಿತ್ತಲಲ್ಲಿ ಆಳೆತ್ತರದ ಗುಡ್ಡೆ ಬಿದ್ದಿತ್ತು. ಮುಂಡರಗಿಯಿಂದ ಬಂದ ಮಾವ ಮೊದಲು ಕಂಡದ್ದೇ ಅದನ್ನು.

“ಏನಿದು?”

“ಬದನಿ ಗಿಡಕ್ಕಂತ ತರಿಸೀನ್ರಿ” ಎಂದರು ಅತ್ತೆ, ಕಣ್ಣು ಮಿಟುಕಿಸದೆ. “ಮಲ್ಲಸಮುದ್ರದ ಕಡಿ ಮಣ್ಣು.”

ಮಾವ ಬಗ್ಗಿ ಒಂದು ಹಿಡಿ ತೆಗೆದುಕೊಂಡರು. ಅರಳೆಯನ್ನು ಹಿಂಜಿದಂತೆ ಬೆರಳುಗಳಲ್ಲಿ ತಿಕ್ಕಿದರು, ಮೂಗಿಗೆ ಹಿಡಿದರು. ಮಾವ ತಲೆಯಾಡಿಸಿದರು.

“ಹೌದು. ಮಲ್ಲಸಮುದ್ರದ್ದ. ಜಿಗಿ ನೋಡಿದ್ರ ಗೊತ್ತಾಗತೈತಿ.”

ಆ ರಾತ್ರಿ ನಮ್ಮವರು ಹೊದಿಕೆಯೊಳಗೆ ನಕ್ಕ ನಗುವಿಗೆ ಮಕ್ಕಳು ಎದ್ದು ಕುಳಿತವು.

ಹೂಳು ಹೋದರೂ ಹೊಸದಾಗಿ ಒಸರಿದ ನೀರು ಕದಡಿಕೊಂಡೇ ಇತ್ತು. ಎದುರುಮನೆಯ ಅಜ್ಜಿ ಒಬ್ಬರು, ಬಾವಿಗೆ ಒಂದಿಷ್ಟು ಸುಣ್ಣ ಬಿಡಿ, ನೆಲ್ಲಿಯ ಟೊಂಗೆ ಹಾಕಿ, ತಿಳಿಯಾಗುತ್ತದೆ, ಸಿಹಿಯಾಗುತ್ತದೆ ಎಂದು ಹೇಳಿಕೊಟ್ಟರು. ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನಮ್ಮ ಮನೆಯಲ್ಲಿ. ಗುಟ್ಟು ಮಾಡುವುದು ನಮಗೆ ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ, ಮಾವನಿಂದ ಮುಚ್ಚಿಡುತ್ತಿದ್ದ ನಾವು ಮೂವರು ಒಬ್ಬರಿಂದೊಬ್ಬರು ಮುಚ್ಚಿಡತೊಡಗಿದ್ದೆವು. ಅತ್ತೆ ಪೂಜೆಯ ನೆಪದಲ್ಲಿ ಹೋಗಿ ಸೆರಗಿನ ಮರೆಯಿಂದ ಸುಣ್ಣ ಸುರಿದು ಬಂದರು. ಅತ್ತೆಗೆ ಮಂಡಿನೋವು, ಪಾಪ, ಅವರಿಗೇಕೆ ತೊಂದರೆ ಎಂದು ಪಾತ್ರೆ ತೊಳೆಯುವ ನೆಪದಲ್ಲಿ ನಾನೂ ಸುರಿದೆ. ಹೆಂಗಸರಿಗೆ ಸುಣ್ಣದ ಅಳತೆ ಏನು ಗೊತ್ತು ಎಂದು ನಮ್ಮವರು ಒಂದು ಚೀಲವನ್ನೇ ಬೋರಲು ಹಾಕಿದರು. ಟೊಂಗೆಗಳ ಕಥೆಯೂ ಅದೇ. ಮರುದಿನ ಬಗ್ಗಿ ನೋಡಿದರೆ ಒಳಗೆ ಮಜ್ಜಿಗೆಯ ಬಣ್ಣದ ನೀರು, ಅದರ ಮೇಲೆ ಒಂದು ಸಣ್ಣ ನೆಲ್ಲಿಯ ತೋಪು. ಒಂದು ಕೊಡ ಎಳೆದು ಬೆರಳು ಅದ್ದಿ ತುಟಿಗೆ ಹಚ್ಚಿದೆ. ತುಟಿ ಸುಟ್ಟಿತು.

“ಸುಣ್ಣ ಯಾರು ಹಾಕಿದ್ರು?” ಎಂದು ಅತ್ತೆ ಕೇಳಿದರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂವರ ಬೆರಳುಗಳೂ ಬೆಳ್ಳಗಿದ್ದವು.

ಅದೃಷ್ಟಕ್ಕೆ ಮಾವ ವ್ಯಾಪಾರಕ್ಕೆಂದು ಮತ್ತೆ ಮುಂಡರಗಿಗೆ ಹೋಗಿದ್ದರು, ಇನ್ನೂ ಸಮಯವಿತ್ತು. ಟೊಂಗೆಗಳನ್ನು ಎಳೆದು ಹಾಕಿದೆವು, ನೀರನ್ನು ಸೇದಿ ಸೇದಿ ಹೊರಗೆ ಚೆಲ್ಲಿದೆವು. ಹೊಸ ನೀರು ಬಂದು ಬಂದು ಸುಣ್ಣ ತೆಳುವಾಯಿತು, ತಳಕ್ಕೆ ಕುಳಿತಿತು. ಒಂದು ಬೆಳಗ್ಗೆ ಅತ್ತೆ ಹಿತ್ತಲಿನಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಬಾವಿಯ ತಳದ ಕಲ್ಲುಗಳು ಕಾಣುವಷ್ಟು ನೀರು ತಿಳಿಯಾಗಿತ್ತು. ಅತ್ತೆ ಕಟ್ಟೆ ಹಿಡಿದು ಚಿಕ್ಕ ಹುಡುಗಿಯಂತೆ ನಗುತ್ತಿದ್ದರು. ನಾನು ಕೊಡ ಎಳೆದೆ. ಇಬ್ಬರೂ ಬೊಗಸೆಯಲ್ಲಿ ಹಿಡಿದು ಕುಡಿದೆವು.

ಹೂಳು ಹೋಗಿತ್ತು, ರಾಡಿ ಹೋಗಿತ್ತು, ನಾತ ಹೋಗಿತ್ತು. ಉಪ್ಪು ಎಲ್ಲಿಗೂ ಹೋಗಿರಲಿಲ್ಲ.

ಅತ್ತೆ ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಅವರನ್ನು ನೋಡಿ ನನಗೆ ಮಾವನ ಮೇಲೆ, ಬಾವಿಯ ಮೇಲೆ, ಒಂದಾಗಲು ಹೊರಟಿದ್ದ ಇಡೀ ನಾಡಿನ ಮೇಲೆ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ಅತ್ತೆ ಎದ್ದರು, ಸೆರಗು ಸರಿ ಮಾಡಿಕೊಂಡರು, ಓಣಿಯ ಮನೆಮನೆಗೂ ಹೋದರು. ಯಾರ ಮನೆಗೂ ಒಂದು ಹಿಡಿ ಉಪ್ಪು ಕೇಳಲು ಹೋಗದ ಹೆಂಗಸು ಅವರು.

“ಒಂದ ಗುಟುಕು ಕುಡೀರಿ. ಕುಡದು ಚೊಲೊ ಐತಿ ಅನ್ರಿ. ನಿಮ್ಮ ಕಾಲಿಗೆ ಬೀಳತೀನಿ, ಅಷ್ಟ ಅನ್ರಿ.”

ಓಣಿ ಒಪ್ಪಿತು. ನಮ್ಮ ಓಣಿಯವರು ಜಗಳಗಂಟರು, ಆದರೆ ಅಷ್ಟು ಕೆಟ್ಟವರಲ್ಲ.

ನವೆಂಬರಿನ ಆ ದಿನ ಬಂತು. ಹಿತ್ತಲಿಗೆ ತಳಿರು ಕಟ್ಟಿದೆವು. ಗೋಡೆ ಒಡೆದು ಇಟ್ಟ ಹೊಸ ಬಾಗಿಲಿನಿಂದ ಜನ ಬಂದರು. ಮುತ್ತೈದೆಯರು ಬಾವಿಗೆ ಅರಿಶಿನ ಕುಂಕುಮ ಏರಿಸಿ ಗಂಗಿ ಪೂಜೆ ಮಾಡಿದರು. ಮಾವ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಕನ್ನಡದ ಮೇಲೆ ನಾಲ್ಕು ಮಾತು, ಬಾವಿಯ ಮೇಲೆ ನಲವತ್ತು ಮಾತು ಆಡಿದರು. ಆಮೇಲೆ ಜನ್ಮದಲ್ಲಿ ಮೊದಲ ಸಲ ಹಗ್ಗ ಹಿಡಿದು ಸೇದಿದರು. ಕೊಡ ಮೇಲೆ ಬಂದಾಗ ಬಿಸಿಲಿಗೆ ನೀರು ಫಳಫಳ ಹೊಳೆಯಿತು.

ಮೊದಲ ತಂಬಿಗೆ ಶಾಲೆಯ ಹಳೆಯ ಮಾಸ್ತರರಿಗೆ. ಅವರು ಒಂದು ಗುಟುಕು ನುಂಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ತೆರೆಯಲಿಲ್ಲ. “ಇದರಾಗ ಕಸುವು ಐತ್ರಿ” ಎಂದರು ಕೊನೆಗೆ. ಎಣ್ಣೆಯ ಅಂಗಡಿಯವರು ಒಂದೇ ಉಸಿರಿಗೆ ಎತ್ತಿ, ಮುಖ ತಿರುಗಿಸಿ, “ಇಂಥಾ ನೀರು ಈ ಜಿಲ್ಲಾದಾಗ ಇಲ್ರಿ” ಎಂದರು. ಎದುರುಮನೆಯ ಅಜ್ಜಿ ಕುಡಿಯುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ನುಂಗಿದರೋ ಸೆರಗಿಗೆ ಬಿಟ್ಟರೋ ದೇವರಿಗೇ ಗೊತ್ತು. “ಅಮೃತ, ಅಮೃತ” ಎನ್ನುತ್ತ ಹಿಂದೆ ಸರಿದರು. ಒಬ್ಬರಾದ ಮೇಲೆ ಒಬ್ಬರು ಬಂದರು, ಕುಡಿದರು, ಹೊಗಳಿದರು. ಮಾವನ ಮುಖ ಅರಳುತ್ತಲೇ ಹೋಯಿತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಹಿಡಿತ ನಿಧಾನವಾಗಿ ಸಡಿಲಾಗುತ್ತಿತ್ತು.

ಮನೆಯವರು ಕೊನೆಗೆ ಕುಡಿಯಬೇಕು, ಅದು ಪದ್ಧತಿ. ಅತ್ತೆ ಅದಕ್ಕಾಗಿಯೇ ತಾಮ್ರದ ಕೊಡದಿಂದ ಒಂದು ತಂಬಿಗೆ ತುಂಬಿ ಇಟ್ಟಿದ್ದರು. ತಗೊಳ್ರಿ ಎಂದು ಮುಂದೆ ಚಾಚಿದರು.

“ಅದು ಯಾಕ? ಇಲ್ಲೇ ಐತಲ್ಲ” ಎಂದ ಮಾವ ಕೊಡವನ್ನೇ ಬಗ್ಗಿಸಿ ಬೊಗಸೆ ಒಡ್ಡಿ ಕುಡಿದರು.

ಅವರು ತಲೆ ಎತ್ತಲಿಲ್ಲ. ಇನ್ನೊಂದು ಬೊಗಸೆ ಹಿಡಿದರು. ಅದನ್ನೂ ನಿಧಾನವಾಗಿ ಬಾಯಲ್ಲಿ ಹೊರಳಿಸಿ ಕುಡಿದರು.

“ಉಪ್ಪೈತಿ” ಎಂದರು.

“ಸುಣ್ಣದ್ದರಿ ಅದು” ಅತ್ತೆ ಅವಸರದಿಂದ ಎಂದರು. “ಬಾವಿ ತೊಳದು ಸುಣ್ಣ ಬಿಟ್ಟೇವಿ, ಅದಕ್ಕ ಹಂಗ. ಎರಡ ದಿನಕ್ಕ ಹೋಗತೈತಿ.”

“ದಿನಾ ಎಲಿ ಅಡಕಿ ತಿನ್ನಾವ ನಾ. ಸುಣ್ಣದ ರುಚಿ ನನಗ ಗೊತ್ತಿಲ್ಲೇನು?” ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಅತ್ತೆಯ ಕೈಯಲ್ಲಿದ್ದ ತಂಬಿಗೆಯನ್ನು ತೆಗೆದುಕೊಂಡು ಒಂದು ಗುಟುಕು ಕುಡಿದರು. ದಿನವೂ ಕುಡಿಯುವ ನೀರು. ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟು, ಓಣಿಯವರನ್ನೆಲ್ಲ ಒಂದು ಕಡೆಯಿಂದ ನೋಡಿದರು. ಮಾಸ್ತರರು ನೆಲ ನೋಡಿದರು. ಎಣ್ಣೆಯ ಅಂಗಡಿಯವರು ಆಕಾಶ ನೋಡಿದರು.

“ಎಷ್ಟ ವರ್ಷ ಆತು?” ಎಂದು ಮಾವ ಅತ್ತೆಯನ್ನು ಕೇಳಿದರು.

“ಏನು?”

“ಹೊರಾಕತ್ತಿ.”

ಅತ್ತೆ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡರು. ಅದರ ಕೆಳಗೆ, ಕೊಡ ಕೂರುವ ಜಾಗದಲ್ಲಿ, ಅವರ ಕೂದಲು ಸವೆದು ಹೋಗಿತ್ತು. ಉಷ್ಣಕ್ಕೆ ಹಾಗಾಗಿದೆ ಎಂದು ಅವರು ಮಾವನಿಗೆ ಹೇಳಿದ್ದರು. ಮಾವ ಅದಕ್ಕೆ ನಮ್ಮ ಬಾವಿಯ ನೀರನ್ನೇ ತಲೆಗೆ ಹಾಕಿಕೋ ಎಂದಿದ್ದರು. ಮಾವ ಆ ಸೆರಗಿನ ಕಡೆಗೇ ನೋಡುತ್ತಿದ್ದರು. ನನಗೆ ಆಗ ಅಳು ತಡೆಯಲಾಗಲಿಲ್ಲ. ನಾಲ್ಕು ಜನರ ಮುಂದೆ ಬಿಕ್ಕಿದೆ.

ಮಾವ ಓಣಿಯವರ ಕಡೆಗೆ ತಿರುಗಿದರು. “ಬಾವಿ ಇವತ್ತಿನಿಂದ ಎಲ್ಲಾರದು. ಅರಿವಿ ಒಗೀರಿ, ದನಾ ತೊಳೀರಿ. ಯಾರೂ ಕುಡೀಬ್ಯಾಡ್ರಿ” ಎಂದರು. “ಇಷ್ಟೊತ್ತನಕ ಕುಡದವರು ಒಳಗ ಬರ್ರಿ. ಬಾಯಿಗೆ ಬೆಲ್ಲಾ ಹಾಕ್ಕೊಂಡು ಹೋಗ್ರಿ.” ಜನ ನಕ್ಕರು. ನಗುವುದಕ್ಕೆ ಅಪ್ಪಣೆ ಸಿಕ್ಕಿದ್ದೇ ತಡ, ಎಷ್ಟೋ ವರ್ಷದ ನಗು ಒಟ್ಟಿಗೆ ಬಂದಂತಿತ್ತು. ಮಾವ ನಗಲಿಲ್ಲ, ಆದರೆ ಬೆಲ್ಲವನ್ನು ತಾವೇ ಹಂಚಿದರು.

ಮರುದಿನ ಅಂಗಡಿಗೆ ಹೋಗುವ ಹೊತ್ತಿಗೆ ಮಾವ ತಾಮ್ರದ ಕೊಡವನ್ನು ಎತ್ತಿಕೊಂಡು ಹೊರಗೆ ಹೊರಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಬ್ಯಾಡ್ರಿ. ಗಂಡಸರು ಕೊಡಾ ಹೊತ್ರ ಓಣಿಯಾಗ ಮಾನ ಹೋಗತೈತಿ” ಎಂದರು. “ನಿನ್ನಿನ ಹೋಗೇತಿ, ಇನ್ನೇನು ಉಳದೈತಿ” ಎಂದು ಮಾವ ಪಕ್ಕದಿಂದ ದಾಟಿದರು. ತೋಟದ ಬಾವಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸರು ಮಾವನನ್ನು ಕಂಡು ಕೊಡ ಬಿಟ್ಟು ಓಡಿದರಂತೆ. ತಲೆಯ ಮೇಲೆ ಹೊರಲು ಬರದೆ ಹೆಗಲ ಮೇಲಿಟ್ಟುಕೊಂಡು, ನಡೆದ ಹೆಜ್ಜೆಗೊಮ್ಮೆ ತುಳುಕಿಸುತ್ತ, ಧೋತರವನ್ನೆಲ್ಲ ತೊಯ್ಯಿಸಿಕೊಂಡು ಅವರು ಮನೆಗೆ ಬಂದಾಗ ಕೊಡದಲ್ಲಿ ಉಳಿದದ್ದು ಅರ್ಧವೂ ಅಲ್ಲ. ಏದುಸಿರು ಬಿಡುತ್ತ ಒಂದು ತಂಬಿಗೆ ಬಗ್ಗಿಸಿ ಅತ್ತೆಯ ಕೈಗೆ ಕೊಟ್ಟರು.

“ಕುಡಿ.”

ಅತ್ತೆ ಕುಡಿದರು. ಮಾವ ಕಾಯುತ್ತಿದ್ದರು, ಹೊಗಳಿಕೆ ಕೇಳಿ ಅಭ್ಯಾಸವಾಗಿದ್ದ ಕಿವಿ. ಅತ್ತೆ ನಾಲಗೆಯ ಮೇಲಿಂದ ಏನನ್ನೋ ಬೆರಳಿನಿಂದ ತೆಗೆದು ನೋಡಿದರು. ಒಂದು ಒಣ ಹುಲ್ಲುಕಡ್ಡಿ.

“ಸೋಸದ ತಂದೀರಿ” ಎಂದರು. “ಕಸ ಐತಿ.”

ಮಾವ ಒದ್ದೆ ಧೋತರದಲ್ಲೇ ಅಡುಗೆಮನೆಯೊಳಗೆ ಹೋಗಿ ನೀರು ಸೋಸುವ ಅರಿವೆಯನ್ನು ಹುಡುಕತೊಡಗಿದರು. ತಾವೇ ಕಟ್ಟಿಸಿದ ಮನೆ, ಆದರೆ ಅದು ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ತೋರಿಸಲು ನಾನು ಎದ್ದೆ. ಅತ್ತೆ ನನ್ನ ಸೀರೆ ಹಿಡಿದು ಎಳೆದು ಕೂರಿಸಿದರು.